ಭಾಮಿನಿ ಷಟ್ಪದಿ ಪ್ರಸ್ತಾರ: ಮೂರನೇ ಸಾಲಿಗೆ 22 ಮಾತ್ರೆ ಬರುತ್ತಿದೆ

ಪ್ರಶ್ನೆ (ತೀರ್ಥಹಳ್ಳಿ):
ಕುಮಾರವ್ಯಾಸನ ‘ವೇದಪುರುಷನ ಸುತನ ಸುತನ’ ಪದ್ಯಕ್ಕೆ ಮಕ್ಕಳಿಂದ ಪ್ರಸ್ತಾರ (ಲಘುವಿಗೆ 1, ಗುರುವಿಗೆ 2 ಮಾತ್ರೆ ಎಣಿಸಿ ಗುರುತು) ಹಾಕಿಸ್ತಿದೀನಿ. 1, 2, 4, 5ನೇ ಸಾಲು ಸರಿಯಾಗಿ 14. ಮೂರನೆಯದು 22ಕ್ಕೇ ನಿಲ್ಲುತ್ತೆ, ಆರನೆಯದು 23. ಎರಡೂ ಒಂದೇ ಅಳತೆ ಇರಬೇಕಲ್ವಾ? ಅಲಂಕಾರ ಯಾವುದು ಅಂತ ಬರೆಸಲಿ?

ಉತ್ತರ (ಹೊಸಹಳ್ಳಿ):
ಮೇಡಂ, ಪದ್ಯ ಹೀಗಿದೆ: ವೇದಪುರುಷನ ಸುತನ ಸುತನ ಸ / ಹೋದರನ ಹೆಮ್ಮಗನ ಮಗನ ತ / ಳೋದರಿಯ ಮಾತುಳನ ಮಾವನನತುಳ ಭುಜಬಲದಿ / ಕಾದಿ ಗೆಲಿದನನಣ್ಣನವ್ವೆಯ / ನಾದಿನಿಯ ಜಠರದಲಿ ಜನಿಸಿದ / ನಾದಿಮೂರುತಿ ಸಲಹೊ ಗದುಗಿನ ವೀರನಾರಯಣ. ಮೊತ್ತ ಕೂಡಿಸೋ ಮೊದಲು ಗಣ (ಮಾತ್ರೆಗಳ ಗುಂಪು) ವಿಂಗಡಣೆ ಮಾಡಿಸಿ. ಮೂರನೇ ಸಾಲು:

ಳೋದ | ರಿಯಮಾ | ತುಳನ | ಮಾವನ | ನತುಳ | ಭುಜಬಲ | ದಿ

3, 4, 3, 4, 3, 4, ಕೊನೆಗೊಂದು ಗುರು. ‘ದಿ’ ನೋಡೋಕೆ ಲಘು. ಆದರೆ 3 ಮತ್ತು 6ನೇ ಸಾಲಿನ ಕಡೇ ಅಕ್ಷರವನ್ನ ಗುರು ಅಂತಲೇ ಎಣಿಸಬೇಕು. 21ಕ್ಕೆ 2 ಸೇರಿ 23.

ನನಗೆ ಅನುಮಾನ ಬಂದಿದ್ದು ಆರನೇ ಸಾಲಿನ ಮೇಲೆ. ‘ದಿ’ಯನ್ನ ಲಘು ಅಂದವರು ಅಲ್ಲಿ ‘ಣ’ವನ್ನೂ ಲಘು ಅಂದಿರ್ತಾರೆ, ಆದರೂ 23 ಹೇಗೆ ಬಂತು? ನಿಮ್ಮ ಪ್ರತಿಯಲ್ಲಿ ‘ವೀರನಾರಾಯಣ’ ಅಂತ ಅಚ್ಚಾಗಿರಬೇಕು. ‘ನಾರಾಯ’ ಐದು ಮಾತ್ರೆ, ‘ಣ’ ಒಂದು. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ, ಮೊತ್ತ ಮಾತ್ರ ಸರಿ. ಕವಿ ಛಂದಸ್ಸಿಗಾಗಿ ‘ನಾರಯಣ’ ಅಂತ ಹ್ರಸ್ವ ಮಾಡಿದ್ದಾನೆ: ವೀರ | ನಾರಯ | ಣ.

‘ಹೆಮ್ಮಗನ’ ಕೂಡ ನೋಡಿ. ಒತ್ತಕ್ಷರದ ಹಿಂದಿನ ‘ಹೆ’ ಗುರು, ‘ಮ್ಮ’ ಲಘು. ಮಕ್ಕಳು ‘ಮ್ಮ’ ಮೇಲೇ ಗುರು ಹಾಕ್ತಾರೆ. ಆಗಲೂ ಸಾಲು 14ಕ್ಕೇ ಬರುತ್ತೆ, ಗಣ ಮಾತ್ರ ಕೆಡುತ್ತೆ.

ಉತ್ತರ (ಸಾಗರ):
ಇನ್ನೊಂದು. ‘ಸಹೋದರ’, ‘ತಳೋದರಿ’ ಸಾಲಿನ ಕೊನೆಗೆ ಒಡೆದಿವೆ. ಅರ್ಥ ನೋಡಿ ‘ಸ’ವನ್ನ ಕೆಳಗಿಳಿಸಿದರೆ ಮೊದಲ ಸಾಲು 13 ಆಗುತ್ತೆ, ಪ್ರಾಸವೂ ಹೋಗುತ್ತೆ. ಹೊಸಹಳ್ಳಿ, ಮತ್ತೂರಿನ ಗಮಕ (ರಾಗವಾಗಿ ಕಾವ್ಯ ಓದೋದು) ಕೇಳಿಸೋದು ತುಂಬಾ ಒಳ್ಳೇದು, ಆದರೆ ಗಮಕಿಗಳು ಅರ್ಥಕ್ಕೆ ತಕ್ಕಂತೆ ಪದ ಕೂಡಿಸಿ ವಾಚಿಸ್ತಾರೆ. ಪ್ರಸ್ತಾರಕ್ಕೆ ಬರೆದ ಸಾಲೇ ಆಧಾರ.

ಪ್ರಾಸ: ವೇದ, ಹೋದ, ಳೋದ, ಕಾದಿ, ನಾದಿ, ನಾದಿ. ಆರೂ ಕಡೆ ಎರಡನೇ ಅಕ್ಷರ ದಕಾರ, ಅದರ ಹಿಂದೆ ದೀರ್ಘ. ಹಾಗಾಗಿ ಗಜಪ್ರಾಸ.

ಅಲಂಕಾರಕ್ಕೆ ವೃತ್ತ್ಯನುಪ್ರಾಸ ಬರೆಸಿ: ‘ಸುತನ ಸುತನ’, ‘ಹೆಮ್ಮಗನ ಮಗನ’, ನಕಾರ ಉದ್ದಕ್ಕೂ ಮರುಕಳಿಸುತ್ತೆ. ಉಪಮೆ, ರೂಪಕ ಹುಡುಕಬೇಡಿ. ಪದ್ಯದ ನಿಜವಾದ ಸೊಗಸು ನೆಂಟಸ್ತಿಕೆಯ ಒಗಟಿನಲ್ಲಿದೆ. ತಳೋದರಿ (ತೆಳು ನಡುವಿನವಳು, ಇಲ್ಲಿ ಅರ್ಜುನನ ಹೆಂಡತಿ) ಸುಭದ್ರೆ, ಅವಳ ಮಾತುಳ (ಸೋದರಮಾವ) ಕಂಸ, ಅವನ ಮಾವ ಜರಾಸಂಧ, ಕಾದಿ ಗೆದ್ದವನು ಭೀಮ, ಅವನಣ್ಣ ಧರ್ಮರಾಯ, ಅವ್ವೆ ಕುಂತಿ, ನಾದಿನಿ ದೇವಕಿ. ವೇದಪುರುಷನಿಂದ ಹೊರಟ ಸರಪಳಿ ಕೃಷ್ಣನಿಗೇ ಬಂದು ಸೇರುತ್ತೆ. ಬೋರ್ಡಿನ ಮೇಲೆ ಒಬ್ಬೊಬ್ಬರ ಹೆಸರು ಬರೆದು ಬಾಣದ ಗುರುತು ಹಾಕಿಸಿ.