ಡ್ಯಾಶ್‌ಬೋರ್ಡ್ ಪ್ರೊಟೊಟೈಪ್: ಫಿಗ್ಮಾದಲ್ಲಿ ಶುರು ಮಾಡಲಾ, ನೇರವಾಗಿ ಪವರ್ ಬಿಐನಲ್ಲಾ?

ಪ್ರಶ್ನೆ

ನಮಸ್ಕಾರ. ನಮ್ಮ ಸೇಲ್ಸ್ ವಿಭಾಗಕ್ಕೆ ಡ್ಯಾಶ್‌ಬೋರ್ಡ್ (ಮುಖ್ಯ ಅಂಕಿಗಳನ್ನು ತೋರಿಸುವ ಪರದೆ) ಮಾಡಿಕೊಡುವ ಕೆಲಸ ನನಗೆ ಬಂದಿದೆ. ಮ್ಯಾನೇಜರ್ ಉದ್ದನೆಯ ಪಟ್ಟಿ ಕೊಟ್ಟಿದ್ದಾರೆ: ತಿಂಗಳ ಮಾರಾಟ, ಟಾರ್ಗೆಟ್, ಶಾಖೆವಾರು ಲೆಕ್ಕ, ವಾಪಸ್ ಬಂದ ಮಾಲು, ಬಾಕಿ ವಸೂಲಿ, ಇನ್ನೂ ಏನೇನೋ. ಎಲ್ಲವೂ ಒಂದೇ ಪರದೆಯಲ್ಲಿ ಬೇಕಂತೆ. ಸ್ಪೀಡೋಮೀಟರ್ ತರಹದ ಗೇಜ್ ಕೂಡ ಬೇಕಂತೆ. ಮೊದಲು ಫಿಗ್ಮಾದಲ್ಲಿ (ಪರದೆಯ ಚಿತ್ರ ಬಿಡಿಸುವ ಸಾಫ್ಟ್‌ವೇರ್) ಡಿಸೈನ್ ಮಾಡಿ ಒಪ್ಪಿಗೆ ತೆಗೆದುಕೊಳ್ಳಲಾ, ಇಲ್ಲ ನೇರವಾಗಿ ಪವರ್ ಬಿಐನಲ್ಲೇ (ಡೇಟಾದಿಂದ ಚಾರ್ಟ್ ಮಾಡುವ ಮೈಕ್ರೋಸಾಫ್ಟ್ ಸಾಫ್ಟ್‌ವೇರ್) ಶುರು ಮಾಡಲಾ?

ಉತ್ತರ 1

ನೇರವಾಗಿ ಪವರ್ ಬಿಐ. ಫಿಗ್ಮಾದಲ್ಲಿ ಬಿಡಿಸಿದ ಎಷ್ಟೋ ಅಲಂಕಾರ ಅಲ್ಲಿ ಬರುವುದೇ ಇಲ್ಲ. ಆಮೇಲೆ "ತೋರಿಸಿದ್ದು ಒಂದು, ಕೊಟ್ಟಿದ್ದು ಇನ್ನೊಂದು" ಅನ್ನುತ್ತಾರೆ.

ಉತ್ತರ 2

ಎರಡಕ್ಕೂ ಮೊದಲು ಪೇಪರ್, ಪೆನ್ಸಿಲ್ ಹಿಡಿದು ಮ್ಯಾನೇಜರ್ ಪಕ್ಕ ಕುಳಿತುಕೊಳ್ಳಿ. ಪಟ್ಟಿಯ ಒಂದೊಂದು ಸಾಲಿಗೂ ಒಂದೇ ಪ್ರಶ್ನೆ ಕೇಳಿ: "ಈ ಅಂಕಿ ಏರುಪೇರಾದರೆ ಅವತ್ತು ನೀವು ಏನು ಮಾಡುತ್ತೀರಿ?" ಬಾಕಿ ವಸೂಲಿ ಬಗ್ಗೆ ಕೇಳಿದರೆ "ಯಾರಿಗೆ ಫೋನ್ ಮಾಡಬೇಕು ಅಂತ ನೋಡುತ್ತೇನೆ" ಅನ್ನಬಹುದು. ಹಾಗಾದರೆ ಅವರಿಗೆ ಬೇಕಿರುವುದು ಚಾರ್ಟ್ ಅಲ್ಲವೇ ಅಲ್ಲ. ಹೆಚ್ಚು ದಿನದಿಂದ ಬಾಕಿ ಇರುವವರ ಹೆಸರು ಮೇಲೆ ಬರುವ ಒಂದು ಪಟ್ಟಿ, ಅಷ್ಟೆ. ಏನೂ ಮಾಡುವುದಿಲ್ಲ ಅನ್ನುವ ಅಂಕಿಗಳು ಎರಡನೇ ಪುಟಕ್ಕೆ ಹೋಗಲಿ.

ಆಮೇಲೆ ಎಕ್ಸೆಲ್‌ನಲ್ಲಿ, ನಿಜವಾದ ಡೇಟಾ ಹಾಕಿಯೇ ಮಾದರಿ ಮಾಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಸುಮ್ನೆ ತುಂಬಿದ ಅಂಕಿಗಳಲ್ಲಿ ಎಲ್ಲ ಚಾರ್ಟ್ ಚೆನ್ನಾಗಿಯೇ ಕಾಣುತ್ತದೆ. ನಿಜವಾದ ಡೇಟಾದಲ್ಲಿ ಒಂದು ಶಾಖೆ ಉಳಿದೆಲ್ಲ ಶಾಖೆಗಳಷ್ಟು ಮಾರಿರುತ್ತದೆ, ಮಿಕ್ಕ ಕಂಬಗಳು ನೆಲಕ್ಕಂಟಿರುತ್ತವೆ. ಹೊಸ ಶಾಖೆಗೆ ಹೋದ ವರ್ಷದ ಲೆಕ್ಕವೇ ಇರುವುದಿಲ್ಲ, ಬೆಳವಣಿಗೆ ಶೇಕಡಾ ಜಾಗ ಖಾಲಿ. ಇನ್ನೊಂದು, ತುಂಬಾ ಜನ ಗಮನಿಸದೇ ಇರುವುದು: ತಿಂಗಳ 3ನೇ ತಾರೀಕು ಪರದೆ ತೆರೆದರೆ ಈ ತಿಂಗಳ ಮೂರು ದಿನವನ್ನು ಹೋದ ತಿಂಗಳ ಪೂರ್ತಿ ಲೆಕ್ಕಕ್ಕೆ ಹೋಲಿಸಿ ಎಲ್ಲ ಕಡೆ ಕೆಂಪು ಬಂದಿರುತ್ತದೆ. ಹೋದ ತಿಂಗಳ ಮೊದಲ ಮೂರು ದಿನಕ್ಕೆ ಹೋಲಿಸಬೇಕು. ಆ ಮೂರರಲ್ಲಿ ಭಾನುವಾರ ಬಂದಿತ್ತಾ ಅಂತಲೂ ನೋಡಬೇಕು.

"ಮಾರಾಟ" ಅಂದರೆ ಏನು ಅಂತ ಅಕೌಂಟ್ಸ್‌ನವರ ಹತ್ತಿರ ಬರೆಸಿಕೊಳ್ಳಿ. ಆರ್ಡರ್ ಬಂದ ದಿನವಾ, ಬಿಲ್ ಆದ ದಿನವಾ? ತೆರಿಗೆ ಸೇರಿಸಿಯಾ, ಬಿಟ್ಟಾ? ಲೆಕ್ಕ ಮುಗಿದ ಒಂದು ತಿಂಗಳನ್ನು ಅವರ ಪುಸ್ತಕದ ಜೊತೆ ತಾಳೆ ನೋಡಿ. ಮೊದಲ ದಿನವೇ ಒಂದು ಅಂಕಿ ತಪ್ಪಿದರೆ ಜನ ಮತ್ತೆ ಆ ಪರದೆಯನ್ನು ನಂಬುವುದಿಲ್ಲ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರ ಆಯಿತು. ಆದರೆ ಆ ಗೇಜ್‌ಗೆ ಜಾಗ ಸಾಲದು ಅಂತ ನನಗೆ ಅನ್ನಿಸುತ್ತಿದೆ; ಬೇಡ ಅಂದರೆ ಮ್ಯಾನೇಜರ್ ಒಪ್ಪುವ ಹಾಗೆ ಕಾಣುತ್ತಿಲ್ಲ.

ಉತ್ತರ 2

ವಾದ ಬೇಡ. ಅವರದೇ ಡೇಟಾ ಹಾಕಿ ಎರಡನ್ನೂ ಅಕ್ಕಪಕ್ಕ ತೋರಿಸಿ. ಒಂದು ಕಡೆ ಗೇಜ್. ಇನ್ನೊಂದು ಕಡೆ ಶಾಖೆಗೊಂದು ಅಡ್ಡ ಪಟ್ಟಿ, ಟಾರ್ಗೆಟ್ ಇರುವಲ್ಲಿ ಒಂದು ಗೆರೆ. ಇದೇ ಬುಲೆಟ್ ಚಾರ್ಟ್, ಡ್ಯಾಶ್‌ಬೋರ್ಡ್ ವಿನ್ಯಾಸದ ತಜ್ಞ ಸ್ಟೀಫನ್ ಫ್ಯೂ ರೂಪಿಸಿದ್ದು. ಪವರ್ ಬಿಐಗೆ ಮೈಕ್ರೋಸಾಫ್ಟ್‌ನ ಆನ್‌ಲೈನ್ ಮಳಿಗೆಯಿಂದ (ಮೊದಲು ಆಪ್‌ಸೋರ್ಸ್ ಅನ್ನುತ್ತಿದ್ದರು) ಹಾಕಿಕೊಳ್ಳಬಹುದು. ಒಂದು ಗೇಜ್ ಹಿಡಿಯುವ ಜಾಗದಲ್ಲಿ ಐದಾರು ಶಾಖೆ ಕೂರುತ್ತವೆ. ಒಂದೇ ಅಳತೆಗೋಲಿನ ಮೇಲೆ ಗುರುತು ಎಲ್ಲಿದೆ ಅನ್ನುವುದನ್ನು ನಮ್ಮ ಕಣ್ಣು ಕೋನಕ್ಕಿಂತ (ಗೇಜ್‌ನಲ್ಲಿರುವುದು ಅದೇ) ಸರಿಯಾಗಿ ಅಳೆಯುತ್ತದೆ ಅಂತ ಸಂಖ್ಯಾಶಾಸ್ತ್ರಜ್ಞರಾದ ಕ್ಲೀವ್‌ಲ್ಯಾಂಡ್, ಮೆಕ್‌ಗಿಲ್ 1984ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಆಮೇಲೆ "ಯಾವ ಶಾಖೆ ಹಿಂದೆ ಬಿದ್ದಿದೆ?" ಅಂತ ಕೇಳಿ ಸುಮ್ಮನಿರಿ. ಅವರ ಕಣ್ಣು ಯಾವ ಕಡೆ ಹೋಗುತ್ತದೆ ಅಂತ ಅವರಿಗೇ ಗೊತ್ತಾಗುತ್ತದೆ.

ಉತ್ತರ 3

ಒಂದು ಮಾತು ಸೇರಿಸುತ್ತೇನೆ. ಬರೀ ಕೆಂಪು-ಹಸಿರು ನೆಚ್ಚಿಕೊಳ್ಳಬೇಡಿ. ಇವೆರಡರ ವ್ಯತ್ಯಾಸ ಕಾಣದವರು ಇರುತ್ತಾರೆ, ಅದೂ ಗಂಡಸರಲ್ಲೇ ಜಾಸ್ತಿ. ಬಣ್ಣದ ಜೊತೆ ಮೇಲೆ-ಕೆಳಗೆ ಬಾಣದ ಗುರುತೂ ಇರಲಿ. ಕಪ್ಪು-ಬಿಳುಪು ಪ್ರಿಂಟ್ ತೆಗೆದರೂ ಅರ್ಥ ಆಗುತ್ತದೆ.