ಬಾಲಿಯಲ್ಲಿ ಒಂದು ದಿನ, ಒಂದು ಕಾರು: ಪೂರ್ವದ ಬೆಟ್ಟದ ದೇವಾಲಯಗಳೋ, ಬೆರಾತಾನ್‌ನಿಂದ ತನಾಹ್ ಲಾಟ್‌ವರೆಗಿನ ದಾರಿಯೋ?

ಪ್ರಶ್ನೆ: ಕಣಿವೆದಾರಿ

ಎಲ್ಲರಿಗೂ ನಮಸ್ಕಾರ. ಬರುವ ಆಗಸ್ಟ್ ತಿಂಗಳಿನಲ್ಲಿ ನಾನು, ನನ್ನ ಪತ್ನಿ, 11 ವರ್ಷದ ಮಗಳು ಹಾಗೂ 70 ದಾಟಿದ ನನ್ನ ತಂದೆ-ತಾಯಿ ಇಂಡೋನೇಷ್ಯಾದ ಬಾಲಿ ದ್ವೀಪಕ್ಕೆ ಹೋಗುತ್ತಿದ್ದೇವೆ. ಉಬುದ್‌ನಲ್ಲಿ ನಾಲ್ಕು ರಾತ್ರಿ ತಂಗುವ ನಾವು ಅದರಲ್ಲಿ ಒಂದು ದಿನವನ್ನು ಪೂರ್ತಿಯಾಗಿ ದೇವಾಲಯಗಳಿಗೂ ಪ್ರಕೃತಿ ಸೌಂದರ್ಯಕ್ಕೂ ಮೀಸಲಿಟ್ಟು, ಚಾಲಕರೊಂದಿಗೆ ಪ್ರತ್ಯೇಕ ಕಾರನ್ನು ಗೊತ್ತುಮಾಡಿಕೊಳ್ಳಬೇಕೆಂದಿದ್ದೇವೆ.

ನಮ್ಮ ಮುಂದೆ ಎರಡು ದಾರಿಗಳಿವೆ. ಒಂದು ಪೂರ್ವಕ್ಕೆ: ಲೆಂಪುಯಾಂಗ್ ದೇವಾಲಯ, ತೀರ್ಥ ಗಂಗಾ ಜಲೋದ್ಯಾನ, ಬೆಸಾಕಿಹ್ ದೇವಾಲಯ. ಇನ್ನೊಂದು ಪಶ್ಚಿಮಕ್ಕೆ: ಬೆರಾತಾನ್ ಸರೋವರದ ದೇವಾಲಯ, ಜಾತಿಲುವಿಹ್ ಗದ್ದೆಗಳು, ಸಂಜೆಗೆ ತನಾಹ್ ಲಾಟ್ ಎಂಬ ಕಡಲ ಗುಡಿ. ಒಬ್ಬ ಪ್ರವಾಸ ಏರ್ಪಾಡುದಾರರು ಎರಡನ್ನೂ ಸೇರಿಸಿ ಒಂದೇ ದಿನದಲ್ಲಿ ತೋರಿಸುವುದಾಗಿ ಹೇಳುತ್ತಿದ್ದಾರೆ. ಅದು ಸಾಧ್ಯವೇ ಎಂಬ ಅನುಮಾನ ನನಗಿದೆ. ನನ್ನ ತಾಯಿಗೆ ಮಂಡಿನೋವಿರುವುದರಿಂದ ಹೆಚ್ಚು ಮೆಟ್ಟಿಲು ಹತ್ತಲಾರರು. ತಂದೆಯವರಿಗಂತೂ ದೇವಸ್ಥಾನಕ್ಕೆ ಹೋದ ಮೇಲೆ ದರ್ಶನ, ಪೂಜೆ ಆಗಲೇಬೇಕು. ಹೋಗಿ ಬಂದವರು ದಯವಿಟ್ಟು ತಿಳಿಸಿ.

ಉತ್ತರ: ನೀರಹಾದಿ

ಎರಡನ್ನೂ ಒಂದೇ ದಿನದಲ್ಲಿ ತೋರಿಸುತ್ತೇವೆ ಎಂದವರು ನಿಮಗೆ ತೋರಿಸುವುದು ಬಹುಪಾಲು ರಸ್ತೆಯನ್ನು. ಬಾಲಿಯಲ್ಲಿ ರೈಲಿಲ್ಲ, ರಸ್ತೆಗಳು ಕಿರಿದು, ಊರಿಗೆ ಊರು ಅಂಟಿಕೊಂಡಿರುವ ದಕ್ಷಿಣ ಭಾಗದಲ್ಲಿ 40 ಕಿಲೋಮೀಟರ್ ಸಾಗಲು ಒಂದೂವರೆ ಗಂಟೆ ಹಿಡಿಯುತ್ತದೆ. ಆದ್ದರಿಂದ ಒಂದು ದಿನಕ್ಕೆ ಒಂದೇ ದಿಕ್ಕನ್ನು ಆರಿಸಿಕೊಳ್ಳಿ. ನಿಮ್ಮ ತಾಯಿಯವರ ಮಂಡಿಯನ್ನು ಗಮನದಲ್ಲಿಟ್ಟುಕೊಂಡರೆ ಆ ದಿಕ್ಕು ಪಶ್ಚಿಮವೇ ಆಗಬೇಕು.

ನಾನು ಈ ಪಾಠವನ್ನು ಪೂರ್ವದಲ್ಲಿ ಕಲಿತೆ. ಮೊದಲ ಸಲ ಹೋದಾಗ ಬೆಳಿಗ್ಗೆ 8 ಗಂಟೆಗೆ ಹೊರಟು, ಬೆಳಿಗ್ಗೆ 10 ಗಂಟೆಯಾದ ಮೇಲೆ ಲೆಂಪುಯಾಂಗ್ ತಲುಪಿದೆವು. ಅಲ್ಲಿನ ಸೀಳು ಹೆಬ್ಬಾಗಿಲಿನ ನಡುವೆ ನಿಂತು ಚಿತ್ರ ತೆಗೆಸಿಕೊಳ್ಳಲು ಚೀಟಿ ಹಿಡಿದು ಸುಮಾರು ಮೂರು ಗಂಟೆ ಕಾದೆವು. ಚಿತ್ರದಲ್ಲಿ ಕಾಲ ಕೆಳಗೆ ಕೊಳವಿದ್ದಂತೆ ಕಾಣುತ್ತದೆಯಲ್ಲ, ಅಲ್ಲಿ ಕೊಳವೇನೂ ಇಲ್ಲ. ಫೋನಿನ ಕ್ಯಾಮೆರಾದ ಕೆಳಗೆ ಅಂಗೈಯಗಲದ ಕನ್ನಡಿಯೊಂದನ್ನು ಹಿಡಿಯುತ್ತಾರೆ, ಅಷ್ಟೇ. ನಮ್ಮ ಸರದಿ ಬರುವಷ್ಟರಲ್ಲಿ ಹಿಂದಿದ್ದ ಆಗುಂಗ್ ಪರ್ವತ ಮೋಡದೊಳಗೆ ಹೋಗಿತ್ತು. ನಿಜವಾದ ಮೇಲಿನ ದೇವಾಲಯ ಅಲ್ಲಿಂದ ಸುಮಾರು 1,700 ಮೆಟ್ಟಿಲುಗಳ ಆಚೆಗಿದೆ ಎಂಬುದು ಅಲ್ಲಿಗೆ ಹೋದ ಮೇಲೆ ತಿಳಿಯಿತು. 1946ರಲ್ಲಿ ಕರಂಗಾಸೆಂ ಅರಸರು ಕಟ್ಟಿಸಿದ ತೀರ್ಥ ಗಂಗಾ ಎಂಬ ಚೆಲುವಾದ ಜಲೋದ್ಯಾನವನ್ನು ಸಂಜೆಗತ್ತಲಲ್ಲಿ ಓಡುತ್ತಾ ನೋಡಿದೆವು. ಬೆಸಾಕಿಹ್ ಕೈಬಿಟ್ಟೆವು.

ಎರಡನೆಯ ಸಲ ಪಶ್ಚಿಮದ ದಾರಿ ಹಿಡಿದಾಗ ದಿನದ ಲಯವೇ ಬೇರೆಯಾಗಿತ್ತು. ಈ ದಾರಿಯಲ್ಲಿ ಎಲ್ಲಿಗೆ ಯಾವಾಗ ಹೋಗಬೇಕೆಂಬುದನ್ನು ಮಂಜು ಮತ್ತು ಸಮುದ್ರ ಇವೆರಡೇ ತೀರ್ಮಾನಿಸುತ್ತವೆ. ಬೆರಾತಾನ್ ಸರೋವರ ಸುಮಾರು 1,200 ಮೀಟರ್ ಎತ್ತರದಲ್ಲಿದ್ದು, ಮಧ್ಯಾಹ್ನದ ಹೊತ್ತಿಗೆ ಬೆಟ್ಟದಿಂದ ಮಂಜು ಇಳಿದು ಎದುರಿನ ಗುಡಿಯೇ ಕಾಣದಂತಾಗುವುದು ಸಾಮಾನ್ಯ. ಆದ್ದರಿಂದ ಅದು ಮೊದಲು. ತನಾಹ್ ಲಾಟ್ ಪಶ್ಚಿಮದ ಕಡಲಿಗೆ ಮುಖ ಮಾಡಿರುವುದರಿಂದ ಅದು ಕೊನೆಗೆ. ನಡುವಿನ ಹೊತ್ತೆಲ್ಲ ಗದ್ದೆಗಳಿಗೆ.

ಬೆರಾತಾನ್‌ನ ಉಲುನ್ ದಾನು ದೇವಾಲಯವನ್ನು 17ನೆಯ ಶತಮಾನದಲ್ಲಿ ಮೆಂಗ್ವಿ ಅರಸರು ಕಟ್ಟಿಸಿದರು. ಅಲ್ಲಿ ಆರಾಧನೆಗೊಳ್ಳುವವಳು ಸರೋವರದ ದೇವಿ, ದೇವಿ ದಾನು. ನೀರಿನ ನಡುವೆ ನಿಂತಿರುವ 11 ಅಂತಸ್ತಿನ ಮೇರು ಗೋಪುರದ ಚಿತ್ರವನ್ನು 2005ರ 50,000 ರುಪಿಯಾ ನೋಟಿನ ಹಿಂಬದಿಯಲ್ಲಿ ಅಚ್ಚು ಹಾಕಿದ್ದರು. ಹತ್ತಿರದಿಂದ ನೋಡಿದರೆ ಆ ಮಾಡುಗಳು ಹುಲ್ಲಿನವಲ್ಲ. ಒಂದು ಜಾತಿಯ ತಾಳೆಮರದ ಕಪ್ಪು ನಾರನ್ನು ಒತ್ತೊತ್ತಾಗಿ ಕಟ್ಟಿ ಅಂಚನ್ನು ಚಾಕುವಿನಿಂದ ಕೊಯ್ದಂತೆ ಸಮಮಾಡಿರುತ್ತಾರೆ, ಬೆಳಗಿನ ಇಬ್ಬನಿ ಆ ನಾರಿನ ತುದಿಗಳಿಂದ ತೊಟ್ಟಿಕ್ಕುತ್ತಿರುತ್ತದೆ. ತೋಟವೆಲ್ಲ ಸಮತಟ್ಟಾಗಿದ್ದು, ಕೂರಲು ಬೆಂಚುಗಳಿವೆ; ನಿಮ್ಮ ತಾಯಿಯವರಿಗೆ ಏನೂ ಕಷ್ಟವಾಗುವುದಿಲ್ಲ.

ಅಲ್ಲಿಂದ ಒಂದು ಗಂಟೆಯ ಹಾದಿಯಲ್ಲಿ ಜಾತಿಲುವಿಹ್. ಬಾಲಿಯ ಸುಬಾಕ್ ನೀರಾವರಿ ಪದ್ಧತಿಯನ್ನು ಯುನೆಸ್ಕೋ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಗದ್ದೆಗಳಿರುವ ಪ್ರದೇಶವೂ ಅದರಲ್ಲಿ ಸೇರಿತು. ಸುಬಾಕ್ ಎಂದರೆ ಒಂದೇ ನೀರಿನ ಮೂಲವನ್ನು ಹಂಚಿಕೊಳ್ಳುವ ರೈತರ ಸಂಘ; ಅದಕ್ಕೆ ತನ್ನದೇ ಗುಡಿಗಳು, ತನ್ನದೇ ಕಟ್ಟಳೆಗಳು ಇರುತ್ತವೆ. ಕಾಲುದಾರಿಯ ಪಕ್ಕದಲ್ಲಿ ನಾಲೆಗೆ ಅಡ್ಡಲಾಗಿ ಇಟ್ಟಿದ್ದ ಒಂದು ಮರದ ದಿಮ್ಮಿಯನ್ನು ನಮ್ಮ ಚಾಲಕರು ತೋರಿಸಿದರು. ಅದರಲ್ಲಿ ಕೊರೆದಿದ್ದ ಕಚ್ಚುಗಳಲ್ಲಿ ಒಂದು ಅಗಲ, ಒಂದು ಕಿರಿದು. ಯಾರ ಗದ್ದೆಗೆ ಎಷ್ಟು ಪಾಲೋ ಅಷ್ಟೇ ಅಗಲದ ಕಚ್ಚು. ಕಾವಲುಗಾರನಿಲ್ಲ, ಬೀಗವಿಲ್ಲ, ನೀರು ತನ್ನಷ್ಟಕ್ಕೆ ಪಾಲಾಗಿ ಹರಿಯುತ್ತಿತ್ತು. ಇಡೀ ಪ್ರವಾಸದಲ್ಲಿ ನನಗೆ ಹೆಚ್ಚು ನೆನಪಿರುವುದು ಯಾವ ಗೋಪುರವೂ ಅಲ್ಲ, ಆ ದಿಮ್ಮಿ. ಬೆಳಿಗ್ಗೆ ಸರೋವರದ ದೇವಿಯ ಬಳಿ ಹೊರಟ ನೀರನ್ನೇ ಹಿಂಬಾಲಿಸಿಕೊಂಡು ಗದ್ದೆಗಳನ್ನು ದಾಟಿ ಸಂಜೆಗೆ ಸಮುದ್ರದ ಗುಡಿ ಸೇರಿದೆವು ಎಂದು ಅಂದು ಅನ್ನಿಸಿತ್ತು.

ಒಂದು ಎಚ್ಚರಿಕೆ: ಗದ್ದೆ ಸದಾ ಹಸಿರಾಗಿರುವುದಿಲ್ಲ. ಕೊಯ್ಲಾದ ವಾರದಲ್ಲಿ ಹೋದರೆ ಬರೀ ಕೂಳೆ ಕಾಣುತ್ತದೆ. ಹೊರಡುವ ಹಿಂದಿನ ದಿನ ಚಾಲಕರನ್ನು ವಿಚಾರಿಸಿ.

ಉತ್ತರ: ಇಳಿತ_ಉಬ್ಬರ

ಮೇಲಿನವರು ಹೇಳಿದ ಕ್ರಮವನ್ನೇ ನಾನೂ ಅನುಮೋದಿಸುತ್ತೇನೆ. ಆದರೆ ತನಾಹ್ ಲಾಟ್ ಬಗ್ಗೆ ಇನ್ನೆರಡು ಮಾತು ಸೇರಿಸಬೇಕು. ಅದು ಕಡಲಿನೊಳಗಿನ ಬಂಡೆಯ ಮೇಲಿರುವ ಗುಡಿ. ಇಳಿತದ ಹೊತ್ತಿನಲ್ಲಿ ಮಾತ್ರ ಬಂಡೆಯ ಬುಡದವರೆಗೆ ನಡೆದುಹೋಗಬಹುದು. ಉಬ್ಬರವಿದ್ದರೆ ದಡದಲ್ಲಿ ನಿಂತು ನೋಡಿ ಬರಬೇಕು. ಉಬ್ಬರವಿಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ, ಈ ವಾರ ಹೋಗಿ ಬಂದವರ ಅನುಭವ ಮುಂದಿನ ವಾರ ಹೋಗುವವರಿಗೆ ಉಪಯೋಗವಿಲ್ಲ. ನಿಮ್ಮ ದಿನಾಂಕದ ಉಬ್ಬರವಿಳಿತದ ಪಟ್ಟಿಯನ್ನು ಅಂತರ್ಜಾಲದಲ್ಲಿ ನೋಡಿ, ಉಬುದ್‌ನ ನಾಲ್ಕು ದಿನಗಳಲ್ಲಿ ಸಂಜೆ ಇಳಿತವಿರುವ ದಿನವನ್ನೇ ಈ ಪ್ರವಾಸಕ್ಕೆ ಇಟ್ಟುಕೊಳ್ಳಿ. ಇದಕ್ಕೆ ಹಣವೇನೂ ಹೆಚ್ಚಾಗುವುದಿಲ್ಲ.

ಬಂಡೆಯ ಬುಡದಲ್ಲಿ, ಸುತ್ತಲೂ ಉಪ್ಪುನೀರಿದ್ದರೂ, ಒಂದು ಸಿಹಿನೀರಿನ ಒರತೆಯಿದೆ. ಅಲ್ಲಿನ ಅರ್ಚಕರು ಆ ನೀರನ್ನು ತಲೆಗೆ ಪ್ರೋಕ್ಷಿಸಿ, ಹಣೆಗೆ ಅಕ್ಕಿಕಾಳು ಒತ್ತಿ, ಕಿವಿಯ ಮೇಲೆ ದೇವಕಣಗಿಲೆಯ ಹೂವೊಂದನ್ನು ಸಿಕ್ಕಿಸುತ್ತಾರೆ. ಮೇಲಿನ ಗುಡಿಗೆ ಪ್ರವಾಸಿಗರಿಗೆ ಪ್ರವೇಶವಿಲ್ಲ. ಅಲೆಗಳಿಂದ ಸವೆದು ಕುಸಿಯುತ್ತಿದ್ದ ಬಂಡೆಯನ್ನು 1980ರ ದಶಕದಲ್ಲಿ ಜಪಾನಿನ ನೆರವಿನೊಂದಿಗೆ ಗಟ್ಟಿಗೊಳಿಸಲು ಆರಂಭಿಸಿದರು. ಇಂದು ಕಾಣುವ ಬಂಡೆಯಲ್ಲಿ ಒಂದು ಭಾಗ ಮನುಷ್ಯ ನಿರ್ಮಿತ ಎಂಬುದು ಹೇಳದಿದ್ದರೆ ತಿಳಿಯುವುದೇ ಇಲ್ಲ.

ನಿಮ್ಮ ತಾಯಿಯವರಿಗೆ ಕಷ್ಟವಾಗುವ ಜಾಗ ಇದೊಂದೇ. ಕಾರು ನಿಲ್ಲಿಸುವಲ್ಲಿಂದ ಅಂಗಡಿ ಸಾಲಿನ ನಡುವೆ ಸಾಕಷ್ಟು ನಡೆಯಬೇಕು, ಆಮೇಲೆ ಕೆಳಕ್ಕೆ ಮೆಟ್ಟಿಲುಗಳು, ಅದಾದ ಮೇಲೆ ಪಾಚಿ ಹಿಡಿದ ಕಲ್ಲು. ಅವರು ಮೇಲಿನ ಹುಲ್ಲುಹಾಸಿನ ಅಂಚಿನಲ್ಲಿ ಕುಳಿತರೂ ಗುಡಿ, ಸೂರ್ಯಾಸ್ತ ಎರಡೂ ಚೆನ್ನಾಗಿ ಕಾಣುತ್ತವೆ. ಆಗಸ್ಟ್‌ನಲ್ಲಿ ಸೂರ್ಯ ಸಂಜೆ ಆರೂಕಾಲರ ಸುಮಾರಿಗೆ ಮುಳುಗುತ್ತಾನೆ. 5 ಗಂಟೆಯ ಒಳಗೆ ಅಲ್ಲಿರಿ.

ಉತ್ತರ: ಪಂಚೆಶಲ್ಯ

ನೀರಹಾದಿಯವರ ಬರಹ ಸೊಗಸಾಗಿದೆ, ಆದರೆ ಒಂದು ತಿದ್ದುಪಡಿ ಅಗತ್ಯ. ಜಾತಿಲುವಿಹ್ ಗದ್ದೆಗಳಿಗೆ ಹರಿಯುವುದು ಬಾತುಕಾರು ಪರ್ವತದ ತೊರೆ ಮತ್ತು ಬುಗ್ಗೆಗಳ ನೀರು, ಬೆರಾತಾನ್ ಸರೋವರದ್ದಲ್ಲ. ಸರೋವರದ ದೇವಿಯನ್ನು ಬೇಸಾಯದ ನೀರಿಗೆಲ್ಲ ಒಡತಿಯೆಂದು ನಂಬುವುದು ಬೇರೆ ಮಾತು. ಆ ಅರ್ಥದಲ್ಲಿ ಅವರ ಅನಿಸಿಕೆ ತಪ್ಪಲ್ಲ.

ತಂದೆಯವರ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ನಿರಾಸೆಯಾಗುವುದು ಅಲ್ಲಿಯೇ. ನನ್ನ ಮಾವನವರು ತೆಂಗಿನಕಾಯಿ ಎಲ್ಲಿ ಸಿಗುತ್ತದೆಂದು ಚಾಲಕರನ್ನು ಕೇಳಿದ್ದರು. ಬಾಲಿಯ ದೇವಾಲಯ ನಮ್ಮ ದೇವಸ್ಥಾನದಂತಲ್ಲ. ಅಲ್ಲಿ ಸಾಲಿನಲ್ಲಿ ನಿಂತು ಗರ್ಭಗುಡಿಯ ವಿಗ್ರಹವನ್ನು ನೋಡಿ ಮಂಗಳಾರತಿ ತೆಗೆದುಕೊಳ್ಳುವ ಕ್ರಮವಿಲ್ಲ. ಬಯಲಿನಲ್ಲಿ ಒಂದರೊಳಗೊಂದು ಪ್ರಾಕಾರಗಳಿರುತ್ತವೆ. ಒಳಗಿನ ಪ್ರಾಕಾರದಲ್ಲಿ ಪದ್ಮಾಸನವೆಂಬ ಎತ್ತರದ ಕಲ್ಲಿನ ಪೀಠವಿರುತ್ತದೆ, ಅದು ಖಾಲಿ. ಉತ್ಸವದ ದಿನ ದೇವತೆಗಳು ಇಳಿದು ಬಂದು ಅಲ್ಲಿ ಆಸೀನರಾಗುತ್ತಾರೆಂಬುದು ನಂಬಿಕೆ. ಬಹುಪಾಲು ದೇವಾಲಯಗಳ ವಾರ್ಷಿಕೋತ್ಸವ 210 ದಿನಗಳ ಪಂಚಾಂಗದಂತೆ ಬರುತ್ತದೆ. ಉಳಿದ ದಿನಗಳಲ್ಲಿ ಹಲವೆಡೆ ಒಳಪ್ರಾಕಾರ ಪೂಜೆಗೆ ಬಂದವರಿಗಷ್ಟೇ ತೆರೆಯುತ್ತದೆ, ನೋಡಲು ಬಂದವರಿಗಲ್ಲ.

ಇದನ್ನು ಮೊದಲೇ ತಿಳಿಸಿ ಕರೆದೊಯ್ದರೆ ಅವರು ಬೇರೆಯದನ್ನು ಕಾಣುತ್ತಾರೆ. ನನ್ನ ಮಾವನವರು ಮಧ್ಯಾಹ್ನ 12 ಗಂಟೆಗೆ ಒಂದು ಹಳ್ಳಿಯ ಧ್ವನಿವರ್ಧಕದಲ್ಲಿ ಗಾಯತ್ರಿ ಮಂತ್ರವನ್ನು ಕೇಳಿ ಕಾರು ನಿಲ್ಲಿಸಿಸಿದರು. ಅಲ್ಲಿನವರ ತ್ರಿಸಂಧ್ಯಾ ಪ್ರಾರ್ಥನೆ ಆರಂಭವಾಗುವುದೇ ಗಾಯತ್ರಿಯಿಂದ. ಉಚ್ಚಾರ ಬೇರೆ, ರಾಗ ಬೇರೆ, ಆದರೂ ಮೊದಲ ಪದಕ್ಕೇ ಗುರುತು ಸಿಕ್ಕಿತು. ತೀರ್ಥಕ್ಕೆ ಅವರೂ ತೀರ್ಥ ಎಂದೇ ಅನ್ನುತ್ತಾರೆ. ಅವರು ಎಣಿಸುವುದೂ ಶಕವರ್ಷವನ್ನೇ. ಹೊಸ ವರ್ಷದ ಮೌನದ ದಿನವಾದ ನ್ಯೇಪಿ ಕೆಲವು ವರ್ಷ ನಮ್ಮ ಯುಗಾದಿಯಂದೇ ಬರುತ್ತದೆ, 2023ರಲ್ಲಿ ಹಾಗೆಯೇ ಬಂದಿತ್ತು.

ಒಂದು ಸೇರ್ಪಡೆ: ಜಾತಿಲುವಿಹ್‌ನಿಂದ ತನಾಹ್ ಲಾಟ್‌ಗೆ ಹೋಗುವಾಗ ಸ್ವಲ್ಪ ಬಳಸಿ ಹೋದರೆ ಮೆಂಗ್ವಿಯ ತಮನ್ ಅಯುನ್ ಸಿಗುತ್ತದೆ. 1634ರ ಈ ರಾಜದೇವಾಲಯದ ಸುತ್ತ ಅಗಳು, ಅಗಳಿನಾಚೆ ತೋಟ. ಒಳಪ್ರಾಕಾರದ ಹೊರಗೋಡೆ ಗಿಡ್ಡದಾಗಿರುವುದರಿಂದ, ಒಳಗೆ ಹೋಗದೆಯೇ ಸಾಲುಸಾಲು ಮೇರುಗಳನ್ನು ಸುತ್ತು ಬರುತ್ತಾ ನೋಡಬಹುದು. ಪ್ರದಕ್ಷಿಣೆ ಮಾಡಿದ ಸಮಾಧಾನವೂ ಹಿರಿಯರಿಗೆ ಆಗುತ್ತದೆ.

ಉಡುಪಿನ ವಿಷಯ: ಹೆಚ್ಚಿನ ದೇವಾಲಯಗಳಲ್ಲಿ ಸೊಂಟದಿಂದ ಕೆಳಕ್ಕೆ ಲುಂಗಿಯಂತಹ ಸರೋಂಗ್ ಮತ್ತು ಸೊಂಟಪಟ್ಟಿ ಬೇಕು. ನಾನು ಪಂಚೆಯುಟ್ಟು ಹೋಗಿದ್ದೆ. ಪಟ್ಟಿಯೊಂದನ್ನು ಮಾತ್ರ ಕಟ್ಟಿಸಿದರು. ಮುಟ್ಟಾದವರು ಒಳಗೆ ಬರಬಾರದೆಂಬ ಫಲಕಗಳೂ ಇವೆ. ದಾರಿಯುದ್ದಕ್ಕೂ ನೆಲದ ಮೇಲೆ ತೆಂಗಿನಗರಿಯ ಪುಟ್ಟ ತಟ್ಟೆಗಳಲ್ಲಿ ಹೂವಿಟ್ಟ ನೈವೇದ್ಯಗಳಿರುತ್ತವೆ, ಮಗಳಿಗೆ ದಾಟಿ ನಡೆಯಲು ಹೇಳಿ.

ಮರುಪ್ರಶ್ನೆ: ಕಣಿವೆದಾರಿ

ಮೂವರಿಗೂ ಕೃತಜ್ಞತೆಗಳು. ಪಶ್ಚಿಮವೇ ಎಂದು ತೀರ್ಮಾನಿಸಿದ್ದೇವೆ. ಕಾರಿನವರೊಂದಿಗೆ ಏನೇನು ಮೊದಲೇ ಮಾತನಾಡಿಕೊಳ್ಳಬೇಕು, ಮತ್ತು ಮೊಟ್ಟೆಯನ್ನೂ ತಿನ್ನದ ಹಿರಿಯರಿಗೆ ಮಧ್ಯಾಹ್ನದ ಊಟ ಹೇಗೆ?

ಉತ್ತರ: ನೀರಹಾದಿ

ನಾವು ಹತ್ತು ಗಂಟೆಗೆ 7,00,000 ರುಪಿಯಾ ಕೊಟ್ಟೆವು. ಅದು ಒಬ್ಬರಿಗಲ್ಲ, ಇಡೀ ಕಾರಿಗೆ. ಇಂಧನ, ಪಾರ್ಕಿಂಗ್ ಅದರಲ್ಲೇ ಸೇರಿದ್ದವು. ಪ್ರವೇಶದ ಟಿಕೆಟ್ಟುಗಳು ಸೇರಿರಲಿಲ್ಲ. ಹೆಚ್ಚುವರಿ ಗಂಟೆಗೆ ಎಷ್ಟು ಎಂಬುದನ್ನು ಮೊದಲೇ ಬರೆಸಿಕೊಳ್ಳಿ, ಏಕೆಂದರೆ ಸೂರ್ಯಾಸ್ತವಾದ ಕೂಡಲೇ ತನಾಹ್ ಲಾಟ್‌ನ ಎಲ್ಲ ಕಾರುಗಳೂ ಒಟ್ಟಿಗೆ ಹೊರಡುತ್ತವೆ, ಉಬುದ್ ತಲುಪಲು ಒಂದೂವರೆ ಗಂಟೆಯ ಮೇಲಾಗುತ್ತದೆ. ಐದು ಜನಕ್ಕೆ ಆರೇಳು ಆಸನದ ವಾಹನವನ್ನೇ ಕೇಳಿ. ಚಾಲಕರು ಮಾರ್ಗದರ್ಶಿಯೇ ಆಗಿರಬೇಕೆಂದಿಲ್ಲ, ನಮ್ಮವರು ಬಾಯಿತುಂಬ ಮಾತಾಡುವವರಾಗಿದ್ದುದು ನಮ್ಮ ಅದೃಷ್ಟ. ಮೊದಲ ಪ್ರವಾಸದಲ್ಲಿ ಒಬ್ಬ ಚಾಲಕರು ಕೇಳದೆಯೇ ಲುವಾಕ್ ಕಾಫಿ (ಪುನುಗುಬೆಕ್ಕು ತಿಂದು ಹೊರಹಾಕಿದ ಬೀಜದ ಕಾಫಿ) ತೋಟವೊಂದಕ್ಕೂ ಬೆಳ್ಳಿಯ ಅಂಗಡಿಗೂ ಕರೆದೊಯ್ದು ಒಂದೂವರೆ ಗಂಟೆ ಕಳೆದರು. ಅಂತಹ ಅಂಗಡಿಗಳು ಬೇಡವೆಂದು ಹೊರಡುವ ಮೊದಲೇ ನಗುತ್ತಾ ಹೇಳಿಬಿಡಿ, ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ಅಂದಹಾಗೆ, 2024ರ ಫೆಬ್ರವರಿ 14ರಿಂದ ಬಾಲಿಗೆ ಬರುವ ವಿದೇಶಿ ಪ್ರವಾಸಿಗರು ತಲಾ 1,50,000 ರುಪಿಯಾ ಶುಲ್ಕ ಕಟ್ಟಬೇಕಾಗಿದೆ. ಅದು ವೀಸಾ ಶುಲ್ಕಕ್ಕೆ ಹೊರತಾದದ್ದು, ಹೊರಡುವ ಮೊದಲೇ ಅಂತರ್ಜಾಲದಲ್ಲಿ ಪಾವತಿಸಬಹುದು.

ಊಟದಲ್ಲಿ ತರಕಾರಿ ಎಂದರೆ ಸಾಲದು. ಅಲ್ಲಿನ ಸಾಂಬಲ್ ಚಟ್ನಿಗೆ ತೆರಾಸಿ ಎಂಬ ಸೀಗಡಿಯ ಹುದುಗು ಸೇರುತ್ತದೆ. ತರಕಾರಿಯೇ ಆಗಿರುವ ಗಾಡೊ-ಗಾಡೊದ ಮೇಲೂ ಮೊಟ್ಟೆ, ಸೀಗಡಿ ಹಪ್ಪಳ ಬರುತ್ತವೆ. ಅವರ ಭಾಷೆಯಲ್ಲಿ ‘ತನ್ಪಾ’ ಎಂದರೆ ‘ಇಲ್ಲದೆ’. ತನ್ಪಾ ದಾಗಿಂಗ್, ತನ್ಪಾ ಇಕಾನ್, ತನ್ಪಾ ತೆಲುರ್, ತನ್ಪಾ ತೆರಾಸಿ: ಮಾಂಸ, ಮೀನು, ಮೊಟ್ಟೆ, ಸೀಗಡಿ ಹುದುಗು ಬೇಡ ಎಂದರ್ಥ. ಜಾತಿಲುವಿಹ್‌ನಲ್ಲಿ ಗದ್ದೆಗೆ ಎದುರಾಗಿ ಕುಳಿತು ಉಣ್ಣುವ ಸಣ್ಣ ಉಪಾಹಾರಗೃಹಗಳಿವೆ. ಅಲ್ಲಿಯೇ ಬೆಳೆದ ಕೆಂಪಕ್ಕಿಯ ಅನ್ನ, ಕರಿದ ತೆಂಪೆ (ಹುದುಗಿಸಿದ ಸೋಯಾ ಕಾಳಿನ ಗಟ್ಟಿ), ಬೇಯಿಸಿದ ಸೊಪ್ಪು ಕೇಳಿ ಪಡೆದೆವು. ಜೊತೆಗೊಂದು ಡಬ್ಬಿ ಚಟ್ನಿಪುಡಿ ಇದ್ದರೆ ಹಿರಿಯರ ಊಟ ಸಲೀಸು.

ಉತ್ತರ: ಇಳಿತ_ಉಬ್ಬರ

ಬೆಳಿಗ್ಗೆ ಆರೂವರೆಗೆ ಹೊರಟರೆ 8 ಗಂಟೆಗೆ ಸರೋವರದ ಬಳಿಯಿರುತ್ತೀರಿ. ಹಿರಿಯರಿಗೆ ಸ್ವೆಟರ್ ಇರಲಿ, ಆಗಸ್ಟ್‌ನ ಬೆಳಗು ಅಲ್ಲಿ ನಿಜಕ್ಕೂ ಚಳಿ.