ಸಹಾಯ ಬೇಕು: ಹಳೇ ಕಾರಿನ ಮುಂದಿನ ಡ್ರಮ್ ತೆಗೆದು ಡಿಸ್ಕ್ ಹಾಕಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನನ್ನ ಹಳೇ ಕಾರಿನ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕೇ ಇದೆ. ಸಪಾಟು ರಸ್ತೆಯಲ್ಲಿ ಚೆನ್ನಾಗಿಯೇ ಹಿಡಿಯುತ್ತದೆ. ಉದ್ದ ಇಳಿಜಾರಿನಲ್ಲಿ ಮಾತ್ರ ಡ್ರಮ್ ಕಾದು, ಪೆಡಲ್ ಗಟ್ಟಿಯಾಗಿದ್ದರೂ ಕಾರು ನಿಲ್ಲುವುದಿಲ್ಲ. ಡ್ರಮ್ಮಿಗೆ ಒಳಗಿಂದ ಒತ್ತುವ ಶೂ ಮೇಲಿನ ಲೈನಿಂಗ್ ಸುಟ್ಟ ವಾಸನೆ ಕಾರಿನ ಒಳಗಡೆ ಬರುತ್ತದೆ. ಶೂ ಹೊಸದು, ಅಡ್ಜಸ್ಟ್‌ಮೆಂಟ್ ಸರಿಯಿದೆ, ಶೂ ತಳ್ಳುವ ವೀಲ್ ಸಿಲಿಂಡರ್ ಸೋರುತ್ತಿಲ್ಲ.

ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಒಂದೇ ಸರ್ಕ್ಯೂಟಿನದು, ಅಂದರೆ ನಾಲ್ಕೂ ಚಕ್ರಕ್ಕೆ ಆಯಿಲ್ ಹೋಗುವ ದಾರಿ ಒಂದೇ. ಎಲ್ಲೋ ಒಂದು ಪೈಪ್ ಒಡೆದರೆ ನಾಲ್ಕು ಬ್ರೇಕೂ ಹೋದಂತೆ, ಅಲ್ವಾ? ನನಗೆ ಜಾಸ್ತಿ ಭಯ ಇರುವುದು ಇದಕ್ಕೇ. ಹಾಗಾಗಿ ಎರಡು ಸರ್ಕ್ಯೂಟಿನ ಸಿಲಿಂಡರ್ ಅಂತೂ ಹಾಕಿಸುತ್ತೇನೆ. ಜೊತೆಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್ ಹಾಗೇ ಇರಲಿ ಎಂದುಕೊಂಡಿದ್ದೇನೆ.

ಡ್ರಮ್‌ನಲ್ಲಿ ಚಕ್ರ ತಿರುಗುವ ರಭಸಕ್ಕೇ ಶೂ ಇನ್ನಷ್ಟು ಬಿಗಿಯುತ್ತದೆ. ಡಿಸ್ಕಿಗೆ ಆ ಅನುಕೂಲ ಇಲ್ಲ, ಕಾಲಿನ ಬಲ ಜಾಸ್ತಿ ಬೇಕು. ಸರ್ವೋ (ಕಾಲಿನ ಬಲವನ್ನು ಹೆಚ್ಚಿಸಿ ಕೊಡುವ ಬೂಸ್ಟರ್) ಇಲ್ಲದೆ ಓಡಿಸುತ್ತಿರುವವರು ಪೆಡಲ್ ಹೇಗಿದೆ ಹೇಳಿ. ಡ್ರಮ್ ಲೈನಿನಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಉಳಿಸುವ ವಾಲ್ವ್ ಡಿಸ್ಕ್ ಕಡೆ ಉಳಿದರೆ ಡಿಸ್ಕನ್ನು ಒತ್ತುವ ಪ್ಯಾಡ್ ಅದಕ್ಕೆ ಉಜ್ಜುತ್ತಲೇ ಇರುತ್ತದೆ. ಆ ವಾಲ್ವನ್ನು ಹಿಂದಿನ ಲೈನಿಗೆ ಮಾತ್ರ ಹೇಗೆ ಜೋಡಿಸಿದಿರಿ?

ಹಳೇ ರಿಮ್ ಬದಲಿಸಲು ಮನಸ್ಸಿಲ್ಲ. ಪ್ಯಾಡ್ ಹಿಡಿದಿರುವ ಕ್ಯಾಲಿಪರ್ ಅದರೊಳಗೆ ತಾಗದೆ ಕೂರುತ್ತದಾ? ಫೋಟೋ ಇದ್ದರೆ ದಯವಿಟ್ಟು ಹಾಕಿ.